ತಿಪ್ಪೇಶನ ಐದನೇ ಸರದಿ

ಒಂದು ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮೂರ ಶಾಲೆಯ ಹೆಡ್‌ಮಾಸ್ತರು ಕರಿಹಲಗೆಯ ಮೇಲೆ ಭಾಗಾಕಾರ ಬರೆಯುತ್ತಿದ್ದರು. ಬಾಯಲ್ಲಿ ಎಲೆಅಡಿಕೆ ಇತ್ತು, ತುಟಿ ಬಿಗಿಯಾಗಿ ಮುಚ್ಚಿತ್ತು. ಅಷ್ಟರಲ್ಲಿ ಕಿಟಕಿಯಾಚೆ, ಹೊಳೆಯ ಕಡೆಯಿಂದ, ಅವರದೇ ದನಿ ಗಟ್ಟಿಯಾಗಿ ಕೇಳಿಸಿತು: “ಸಿದ್ರಾಮಾ, ಗಂಟೆ ಹೊಡಿಯೋ, ಮಕ್ಕಳು ಮನೆಗೆ ಹೋಗ್ಲಿ!” ಜವಾನ ಸಿದ್ರಾಮ ಹೊಡೆದೇಬಿಟ್ಟ. ಮಾಸ್ತರು ಬಾಯಲ್ಲಿದ್ದುದನ್ನು ಉಗುಳಿ ಹೊರಗೆ ಬರುವ ಹೊತ್ತಿಗೆ ಅಂಗಳದಲ್ಲಿ ಯಾರದೋ ಒಂಟಿ ಚಪ್ಪಲಿ ಬಿಟ್ಟರೆ ಇನ್ನೇನೂ ಉಳಿದಿರಲಿಲ್ಲ.

ಮಾಸ್ತರು ಯಾರನ್ನೂ ಬೈಯುವ ಹಾಗಿರಲಿಲ್ಲ. ನಮ್ಮ ಹೊಳೆ ದನಿಯನ್ನು ಕೂಡಲೇ ದಾಟಿಸುವುದಿಲ್ಲ. ಒಂದು ದಿನ ತನ್ನಲ್ಲೇ ಇಟ್ಟುಕೊಂಡು, ಮಾರನೆಯ ದಿನ ಅದೇ ಹೊತ್ತಿಗೆ ಆಚೆ ದಡಕ್ಕೆ ಕೊಡುತ್ತದೆ. ಶಾಲೆ ಇರುವುದು ಆಚೆ ದಡದಲ್ಲಿ. ಹಿಂದಿನ ದಿನ ಭಾನುವಾರ ಮಾಸ್ತರು ಈಚೆ ದಡದಲ್ಲಿರುವ ಷಡ್ಡಕನ ಮನೆಗೆ ಹೋಳಿಗೆ ಊಟಕ್ಕೆ ಬಂದಿದ್ದರು. ಉಂಡ ಮೇಲೆ ಹೊಳೆದಂಡೆಯ ಬೇವಿನ ಮರದ ಕೆಳಗೆ ಟವೆಲು ಹಾಸಿ ಮಲಗಿದ್ದರು. ಮೂರು ಗಂಟೆಗೆ ತಮ್ಮದೇ ದನಿ ಕೇಳಿ ಬೆಚ್ಚಿ ಎದ್ದು, ಸುತ್ತ ನೋಡಿ, ಪಂಚೆ ಸರಿಮಾಡಿಕೊಂಡಿದ್ದರು. ನಿದ್ದೆಗಣ್ಣಲ್ಲಿ ಕೂಗಿರಬೇಕು ಅಂತ ಅವರೇ ಅಂದುಕೊಂಡಿದ್ದ ಮೇಲೆ, ಸೋಮವಾರ ಇನ್ಯಾರ ಕಿವಿ ಹಿಂಡುವುದು? ಕೂಗಿದ್ದು ಮರದ ಮೇಲೆ ಕೂತಿದ್ದ ನನ್ನ ತಮ್ಮ ತಿಪ್ಪೇಶ. ಅವನಿಗೆ ಆಗ ಹತ್ತು ವರ್ಷ. ನಮ್ಮ ಮನೆ ಹೊಳೆಯ ಮೆಟ್ಟಿಲಿಗೆ ಅಂಟಿಕೊಂಡೇ ಇದೆ. ನಾನು ಜಗಲಿಯ ಮೇಲೆ ಕೂತು ಮುತ್ತುಗದ ಎಲೆ ಹಚ್ಚುತ್ತಾ ಎಲ್ಲವನ್ನೂ ನೋಡಿದ್ದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ತಿಪ್ಪೇಶನಿಗೆ ಒಮ್ಮೆ ಕೇಳಿದ ದನಿ ಗಂಟಲಲ್ಲೇ ಉಳಿದುಬಿಡುತ್ತಿತ್ತು. ಒಂದು ಸಲ ದಾರಿ ತಪ್ಪಿದ ಕರುವಿನ ಹಾಗೆ ಮೆಟ್ಟಿಲ ಮೇಲೆ ನಿಂತು ಅರಚಿದ. ಮಾರನೆಯ ದಿನ ಆಚೆ ದಡದ ಮೂರು ಎಮ್ಮೆಗಳು ಹಗ್ಗ ಕಿತ್ತುಕೊಂಡು ಹೊಳೆಗಿಳಿದು ಈಜಿ ಬಂದವು, ಬಂದು ನಮ್ಮ ಹಿತ್ತಲಲ್ಲಿ ಕರುವನ್ನು ಹುಡುಕುತ್ತಾ ನಿಂತವು. ಅವುಗಳ ಪೈಕಿ ಒಂದು ತಿಪ್ಪೇಶನನ್ನೇ ನೆಕ್ಕತೊಡಗಿದಾಗ ಅವ್ವನಿಗೆ ಗೊತ್ತಾಗಿಹೋಯಿತು. ಅವತ್ತು ಬಿದ್ದ ಏಟಿಗೆ ಅವನು ಕೂಗಿಕೊಂಡಿದ್ದು ಅಪ್ಪನ ದನಿಯಲ್ಲಿ. ಅದನ್ನು ಕೇಳಿ ಅವ್ವನ ಕೈ ತಾನಾಗಿ ನಿಂತುಹೋಯಿತು.

“ನಿಂದೊಂದು ಬರಲ್ಲ ಅಕ್ಕಾ,” ಅಂತ ನನ್ನ ಹತ್ತಿರ ದೂರುತ್ತಿದ್ದ. “ನೀನು ಹೂಂ, ಉಹೂಂ ಬಿಟ್ರೆ ಬಾಯೇ ಬಿಡಲ್ಲ. ಹಿಡಿಯಾಕೆ ಏನಾದ್ರೂ ಸಿಗಬೇಕಲ್ಲ?”

ಅವನು ಹೇಳಿದ್ದು ನಿಜ. ನಾನು ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು. ಕಾರಣ ಈ ಹೊಳೆಯೇ. ದಿನಾ ಬೆಳಿಗ್ಗೆ ನನ್ನ ದೋಣಿ ಆಚೆ ದಡ ಮುಟ್ಟಿದ ಮೇಲೆ ಅವ್ವನಿಗೆ ಏನಾದರೊಂದು ನೆನಪಾಗುತ್ತಿತ್ತು. ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದಳು. ಅದು ಮಾರನೆಯ ದಿನ, ಸರಿಯಾಗಿ ಪ್ರಾರ್ಥನೆಗೆ ಎಲ್ಲರೂ ಸಾಲಾಗಿ ನಿಂತಾಗ, ಶಾಲೆಯ ಅಂಗಳಕ್ಕೆ ಬಂದು ಬೀಳುತ್ತಿತ್ತು. “ಹಾಲಮ್ಮಾ, ಮೂಗು ಒರೆಸ್ಕೊಳ್ಳೇ!” “ಹಾಲಮ್ಮಾ, ಭೇದಿ ನಿಂತಿಲ್ಲ ಅಂದ್ರೆ ಮಾಸ್ತರಿಗೆ ಹೇಳೇ!” ಮೂಗು ನಿನ್ನೆಯೇ ಒರೆಸಿಕೊಂಡಿದ್ದರೂ ಮಕ್ಕಳು ಇವತ್ತು ನಗುತ್ತಿದ್ದರು. ನಾನು ಮನೆಯಲ್ಲಿ ಕೂತು ಎಲೆ ಹಚ್ಚುತ್ತೇನೆ ಅಂದೆ. ಅವ್ವ ಎರಡು ದಿನ ಬೈದು ಸುಮ್ಮನಾದಳು. ಅಂದಿನಿಂದ ಹೊಳೆ ದಾಟಿರಲಿಲ್ಲ.

ಈ ಹೊಳೆಯ ಜೊತೆ ಬದುಕುವುದು ಕಷ್ಟವೇನಲ್ಲ. ಬಿಸಿಲು ಸುಡುತ್ತಿರುವಾಗ ಆಚೆಯಿಂದ ಗುಡುಗು ಕೇಳಿದರೆ ನಾವು ಹಪ್ಪಳ ಎತ್ತಿಡುವುದಿಲ್ಲ, ಅದು ನಿನ್ನೆಯದು. ಯಾರಾದರೂ ತೀರಿಕೊಂಡರೆ ಮನೆಯವರು ಮಾರನೆಯ ದಿನ ದೋಣಿ ಹತ್ತಿ ಆಚೆ ದಡಕ್ಕೆ ಹೋಗಿ ಕೂರುತ್ತಾರೆ. ತೀರಿಕೊಂಡವರು ಹಿಂದಿನ ದಿನ ದನಕ್ಕೆ ಹೇ ಅಂದದ್ದು, ನೀರು ಕೇಳಿದ್ದು ಇನ್ನೊಂದು ಸಲ ಕೇಳಿಸಿಕೊಂಡು ಬರುತ್ತಾರೆ. ಕಷ್ಟವೇನಿದ್ದರೂ ಅಂಬಿಗರ ದುರುಗಪ್ಪನದು. ನಡುಹೊಳೆಯಲ್ಲಿ ದನಿ ಅರ್ಧ ದಿನ ಹಳೆಯದಾಗಿರುತ್ತದೆ. ಬೆಳಿಗ್ಗೆ ಮೊದಲ ದೋಣಿಯಲ್ಲಿ ಅವನಿಗೆ ಹಿಂದಿನ ಸಂಜೆ ದಂಡೆಯ ಮನೆಗಳಲ್ಲಿ ಆದ ಮಾತೆಲ್ಲ ಕೇಳುತ್ತದೆ. ಅದಕ್ಕೇ ಎರಡೂ ದಡದಲ್ಲಿ ದುರುಗಪ್ಪನ ಎದುರು ಯಾರೂ ಜಂಬ ಕೊಚ್ಚುವುದಿಲ್ಲ.

ಆದರೆ ಆಡಿಬಿಟ್ಟ ಮಾತು ಬೇಡವಾದರೆ? ಅದಕ್ಕೂ ದಾರಿ ಇದೆ. ಮಾತು ತಲುಪುವ ಮೊದಲೇ ಆ ಮನೆಯ ದೊಡ್ಡವರೊಬ್ಬರು ಆಚೆ ದಡಕ್ಕೆ ಹೋಗಿ, ಮೆಟ್ಟಿಲ ಮೇಲೆ ನಿಂತು, “ನಮ್ಮನೆ ಮಾತು ಬರ್ತೈತೆ, ಮುಚ್ಚಿಕೊಡ್ರೀ” ಅಂತ ಮೂರು ಸಲ ಕೂಗಬೇಕು. ಕೇಳಿದವರೆಲ್ಲ ತಟ್ಟೆಯೋ ತಂಬಿಗೆಯೋ ತಂದು, ಮಾತು ಬಿದ್ದು ಹೋಗುವ ತನಕ ಬಡಿಯುತ್ತಾರೆ. ಏನು ಮಾತು ಅಂತ ಯಾರೂ ಕೇಳಬಾರದು. ಮುಚ್ಚಿದ ಮಾತು ಆಡದ ಮಾತಿಗೆ ಸಮ. ಒಮ್ಮೆಯಾದರೂ ಹೀಗೆ ಮುಚ್ಚಿಸಿಕೊಳ್ಳದ ಮನೆ ಎರಡೂ ದಡದಲ್ಲಿಲ್ಲ.

ಇನ್ನು ನಮ್ಮಜ್ಜಿಯ ಜಗಳ. ಅಜ್ಜಿ ಈರವ್ವ, ಆಚೆ ದಡದ ಕೊಟ್ರವ್ವ, ಇಬ್ಬರೂ ಒಂದೇ ಓಣಿಯಲ್ಲಿ ಆಡಿ ಬೆಳೆದವರು. ಕೊಟ್ರವ್ವನನ್ನು ಆಚೆ ದಡಕ್ಕೆ ಕೊಟ್ಟರು. ಅವಳು ಒಮ್ಮೆ ನಮ್ಮ ಮನೆಯ ಶಾವಿಗೆ ಮಣೆ ಒಯ್ದಳು, ಗೀರು ಕೊರೆದ ಹಲಸಿನ ಹಲಗೆ; ಹಿಟ್ಟನ್ನು ಅದರ ಮೇಲೆ ಹೊಸೆದರೆ ಕೂದಲಿನಂಥ ಎಳೆ ಬರುತ್ತದೆ. ಎರವಲು ಕೊಟ್ಟಿದ್ದು ಅಂತ ಅಜ್ಜಿ. ಉಡುಗೊರೆ ಕೊಟ್ಟಿದ್ದು ಅಂತ ಕೊಟ್ರವ್ವ. ಅದಕ್ಕೆ ಶುರುವಾದ ಜಗಳ ಇಪ್ಪತ್ತಮೂರು ವರ್ಷದಿಂದ ನಡೆದಿತ್ತು. ಒಂದು ದಿನ ಬೆಳಿಗ್ಗೆ ಎಂಟಕ್ಕೆ ಅಜ್ಜಿ ಕೂಗಬೇಕು. ಅದು ಮಾರನೆಯ ದಿನ ಎಂಟಕ್ಕೆ ಆಚೆ ಬೀಳುತ್ತದೆ, ಕೊಟ್ರವ್ವ ಆಗಲೇ ಉತ್ತರ ಕೊಡಬೇಕು. ಅದು ಅದರ ಮಾರನೆಯ ದಿನ ಇಲ್ಲಿಗೆ. ಹೀಗೆ ದಿನ ಬಿಟ್ಟು ದಿನ ಸರದಿ. ಸರದಿ ತಪ್ಪಿಸಿದವರು ಸೋತ ಹಾಗೆ, ಮಣೆ ಮತ್ತೊಬ್ಬರದು. ಇದು ಎರಡೂ ದಡದ ಮಕ್ಕಳಿಗೂ ಗೊತ್ತಿತ್ತು.

“ನನ್ನ ಮಣೆ ಮ್ಯಾಲೆ ಹೊಸೆದ ಶಾವಿಗೆ ನಿನ್ನ ಗಂಟಲಾಗೆ ಗಂಟು ಬೀಳ್ಲಿ ಕಣೇ ಕೊಟ್ರೀ!” ಅಂತ ಅಜ್ಜಿ. ಎರಡು ದಿನಕ್ಕೆ ಉತ್ತರ: “ನೀನು ಹೊಸೆದ ಶಾವಿಗೆ ಹಗ್ಗ ಇದ್ದಂಗೆ ಇತ್ತಲ್ಲೇ ಈರೀ, ಜನ ದನ ಕಟ್ಟಾಕೆ ಒಯ್ತಿದ್ರು!” ತಾತ ತೀರಿಕೊಂಡ ದಿನ ಅಜ್ಜಿಯದೇ ಸರದಿಯಾಗಿತ್ತು. ಎಂಟಕ್ಕೆ ಎದ್ದು ಹೋಗಿ “ಮಣೆ ನಂದು” ಅಂದು ಬಂದು ಮತ್ತೆ ಹೆಣದ ಹತ್ತಿರ ಕೂತಳಂತೆ. ಕೊಟ್ರವ್ವನ ಉತ್ತರವೂ ಅಷ್ಟೇ ಬಂದಿತಂತೆ, ಮೆಲ್ಲಗೆ: “ಅಲ್ಲ, ನಂದು.” ಆ ಸಲ ಇಬ್ಬರೂ ಅದಕ್ಕಿಂತ ಹೆಚ್ಚು ಬೈಯಲಿಲ್ಲ.

ನಾನು ಹೇಳಬೇಕೆಂದಿರುವ ವರ್ಷ ಅಜ್ಜಿಯ ಗಂಟಲು ಕಟ್ಟಿತು. ಮೊದಲ ದಿನ ಗೊಗ್ಗರು, ಎರಡನೆಯ ದಿನ ಬರಿ ಗಾಳಿ. ಮೆಣಸು ಅರೆದು ಹಚ್ಚಿ, ಬಟ್ಟೆ ಸುತ್ತಿ ಕೂರಿಸಿದೆವು. ಸರದಿಯ ದಿನ ಎಂಟಕ್ಕೆ ಮೆಟ್ಟಿಲ ತುದಿಗೆ ಹೋಗಿ ಬಾಯಿ ತೆರೆದಳು. ಏನೂ ಬರಲಿಲ್ಲ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಅಜ್ಜಿಯ ಕಣ್ಣು ನೀರಾಡಿದ್ದನ್ನು ನಾನು ಅವತ್ತೇ ಮೊದಲು ಕಂಡಿದ್ದು. ಆಗ ಅವಳ ಸೆರಗಿನ ಹಿಂದಿನಿಂದ ಅವಳದೇ ದನಿ ಹೊರಟಿತು: “ಏನೇ ಕೊಟ್ರೀ! ಮಣೆ ಕೊಡ್ತೀಯೋ, ಇಲ್ಲಾ ನಾನೇ ಬಂದು ನಿನ್ನ ಜುಟ್ಟಿನ ಸಮೇತ ತರಬೇಕೋ?”

ಅಜ್ಜಿ ಹಿಂದಕ್ಕೆ ತಿರುಗಿ ತಿಪ್ಪೇಶನನ್ನು ನೋಡಿದಳು. ಕಪಾಳಕ್ಕೆ ಬೀಳುತ್ತದೆ ಅಂದುಕೊಂಡೆ. ಅವಳು ಅವನ ಕೆನ್ನೆ ಸವರಿ ನೆಟಿಗೆ ತೆಗೆದಳು. ಬಟ್ಟೆ ಒಗೆಯುವವರು ಏನೂ ಕಾಣದವರ ಹಾಗೆ ಒಗೆಯತೊಡಗಿದರು.

ಹೀಗೆ ನಾಲ್ಕು ಸರದಿ ನಡೆಯಿತು. ಬೈಗಳು ಅಜ್ಜಿಯದೇ. ಕೈಸನ್ನೆ ಮಾಡಿ, ತುಟಿ ಆಡಿಸಿ ಹೇಳಿಕೊಡುತ್ತಿದ್ದಳು, ತಿಪ್ಪೇಶ ಅದಕ್ಕೆ ದನಿ ಹಾಕುತ್ತಿದ್ದ. ಕೂಗಿ ಮುಗಿಸಿ ಒಂಬತ್ತರ ದೋಣಿಗೆ ಶಾಲೆಗೆ ಹೋಗುತ್ತಿದ್ದ. ಕೂಗು ಬೀಳುವುದು ಮಾರನೆಯ ದಿನ ಎಂಟಕ್ಕೆ, ಅವನು ಆಚೆ ದಡ ಮುಟ್ಟುವುದು ಒಂಬತ್ತೂವರೆಗೆ. ಆದ್ದರಿಂದ ತಾನು ಎಸೆದ ಮಾತು ಹೋಗಿ ಬೀಳುವುದನ್ನು ಅವನು ಒಂದು ಸಲವೂ ಕಂಡಿರಲಿಲ್ಲ. ಅವನಿಗೆ ಜಗಳ ಅಂದರೆ ಹೊಳೆಗೆ ಕಲ್ಲು ಬೀಸಿದ ಹಾಗೆ. ದೂರ ಹೋದಷ್ಟೂ ಖುಷಿ. ಮೂರನೆಯ ಸರದಿಯಿಂದ ತನ್ನದೇ ಒಂದೊಂದು ಬೈಗಳು ಸೇರಿಸತೊಡಗಿದ. ನಾಲ್ಕನೆಯದರಲ್ಲಿ ಕೊಟ್ರವ್ವನ ಸಾರು ಕುಡಿದ ಕಾಗೆ ಊರು ಬಿಟ್ಟುಹೋಯಿತು ಅಂದ. ದಂಡೆಯವರೆಲ್ಲ ನಕ್ಕರು. ನಗು ಕೇಳಿದರೆ ತಿಪ್ಪೇಶನ ತಲೆ ನಿಲ್ಲುವುದಿಲ್ಲ.

ಐದನೆಯ ಸರದಿ ಬಂದದ್ದು ಮಂಗಳವಾರ. ಅಪ್ಪ ಅವ್ವ ಇಬ್ಬರೂ ಎಲೆ ಕಟ್ಟು ಹೇರಿಕೊಂಡು ದೂರದ ಮದುವೆ ಮನೆಗೆ ಹೋಗಿದ್ದರು. ಅಜ್ಜಿಗೆ ಸಣ್ಣ ಜ್ವರ, ಒಳಗೆ ಮಲಗಿದ್ದಳು. ತಿಪ್ಪೇಶ ಒಬ್ಬನೇ ಮೆಟ್ಟಿಲ ತುದಿಗೆ ಹೋದ. ಒಗೆಯುವವರು ಆಗಲೇ ತುಟಿ ಅರಳಿಸಿಕೊಂಡು ಕಾಯುತ್ತಿದ್ದರು. ಹಿಂದಿನ ಸರದಿಯದಕ್ಕಿಂತ ದೊಡ್ಡದು ಬೇಕಿತ್ತು. ಅವನ ಹತ್ತಿರ ಇರಲಿಲ್ಲ. ಎಂದೋ ಯಾರೋ ಹೆಂಗಸರು ನಲ್ಲಿಯ ಹತ್ತಿರ ಪಿಸುಗುಟ್ಟಿದ್ದನ್ನು ಎತ್ತಿಕೊಂಡು, ಅಜ್ಜಿಯ ದನಿಯಲ್ಲಿ ಕೂಗಿಬಿಟ್ಟ:

“ಮಕ್ಕಳಿಲ್ಲದ ಮನೇಗೆ ಶಾವಿಗೆ ಮಣೆ ಯಾಕೇ? ಯಾರಿಗೆ ಹೊಸೆದು ಹಾಕ್ತೀಯ?”

ಯಾರೂ ನಗಲಿಲ್ಲ. ಒಗೆಯುವ ಕಲ್ಲುಗಳ ಸದ್ದು ಒಂದೊಂದಾಗಿ ನಿಂತಿತು. ತಿಪ್ಪೇಶ ಒಬ್ಬೊಬ್ಬರ ಮುಖವನ್ನೂ ನೋಡಿದ, ನಗು ಎಲ್ಲಿ ಅಂತ. ಕೊಟ್ರವ್ವನಿಗೆ ಮಕ್ಕಳಾಗಲಿಲ್ಲ. ಇಪ್ಪತ್ತಮೂರು ವರ್ಷ ಬಾಯಿಗೆ ಬಂದಂತೆ ಬೈದ ಅಜ್ಜಿ, ಆ ಒಂದು ಬಾಗಿಲನ್ನು ಒಮ್ಮೆಯೂ ತಟ್ಟಿರಲಿಲ್ಲ.

ಹಿಂದೆ ಏನೋ ಸದ್ದಾಯಿತು. ಅಜ್ಜಿ ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಬಂದಿದ್ದಳು. ತಿಪ್ಪೇಶನನ್ನು ಹೊಡೆಯಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಒಳಗೆ ಹೋಗಿ ಗೂಡಿನಿಂದ ಹಿತ್ತಾಳೆ ತಟ್ಟೆ, ಸೌಟು ತಂದು ನನ್ನ ಮಡಿಲಿನಲ್ಲಿ, ಹಚ್ಚುತ್ತಿದ್ದ ಎಲೆಯ ಮೇಲೆ, ಇಟ್ಟಳು.

ನನಗೆ ತಿಳಿಯಿತು, ಹೋಗಿ ಮುಚ್ಚಿಸಿಕೊಂಡು ಬಾ ಅಂತ. ಮನೆಯಲ್ಲಿ ಬೇರೆ ದೊಡ್ಡವರಿಲ್ಲ, ಮಕ್ಕಳ ಕೂಗು ನಡೆಯುವುದಿಲ್ಲ. “ಅಜ್ಜೀ, ಮುಚ್ಚಿದ್ರೆ ನೀನು ಆಡಿಲ್ಲ ಅಂತ ಆಗತೈತೆ. ಸರದಿ ತಪ್ಪತೈತೆ. ಮಣೆ ಹೋಗತೈತೆ,” ಅಂದೆ. ಅಜ್ಜಿ ತಟ್ಟೆಯನ್ನು ನನ್ನ ಕಡೆ ಇನ್ನಷ್ಟು ತಳ್ಳಿದಳು. ಆಮೇಲೆ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ತಿಪ್ಪೇಶನಿಗೆ ಆಗ ಅರ್ಥವಾಯಿತು. ಓಡಿಹೋಗಿ ಮೊಣಕಾಲು ಮುಳುಗುವಷ್ಟು ನೀರಿಗಿಳಿದ. ಹೊಳೆಯ ಮೇಲೆ ಎಲ್ಲೋ ಹೋಗುತ್ತಿರುವ ತನ್ನ ಮಾತಿಗೆ, ತನ್ನದೇ ದನಿಯಲ್ಲಿ ಕೂಗತೊಡಗಿದ: “ನಿಲ್ಲು! ಹೋಗಬ್ಯಾಡ! ನಾನು ಸುಮ್ನೆ ಅಂದೆ, ನಿಲ್ಲಲೇ!” ಜೋರಾಗಿ ಕೂಗಿದರೆ ಬೇಗ ಹೋಗಿ ಹಿಡಿಯುತ್ತದೆ ಅಂತ ಅವನ ಲೆಕ್ಕ. ಎಷ್ಟು ಜೋರಾಗಿ ಕೂಗಿದರೂ ಈ ಹೊಳೆಯಲ್ಲಿ ಹಿಂದಿನದು ಹಿಂದೆಯೇ, ಮುಂದಿನದು ಮುಂದೆಯೇ. ದನಿ ಒಡೆಯುವ ತನಕ ಕೂಗಿ ನೀರಲ್ಲೇ ನಿಂತ. ನಾನು ಹೋಗಿ ಎಳೆದುಕೊಂಡು ಬಂದೆ. ಅವತ್ತು ಶಾಲೆಗೂ ಹೋಗಲಿಲ್ಲ. ಸಂಜೆ ಮೆಟ್ಟಿಲ ಮೇಲೆ ಕೂತು, ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡು ಅತ್ತ.

ಬುಧವಾರ ಏಳರ ಮೊದಲ ದೋಣಿ. ಹಾಲಿನವರು ನಾಲ್ಕು ಜನ, ನಾನು, ತಿಪ್ಪೇಶ. ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ, ಆದರೂ ಸೌಟು ತಗುಲಿ ಟಣ್ ಅನ್ನುತ್ತಿತ್ತು. “ಏನವ್ವಾ ಹಾಲಮ್ಮ, ಏಳೆಂಟು ವರ್ಷ ಆಯ್ತಲ್ಲ ದೋಣಿ ಹತ್ತಿ?” ಅಂದ ದುರುಗಪ್ಪ. ನಾನು ಹೂಂ ಅಂದೆ. ನಡುಹೊಳೆಗೆ ಬಂದಾಗ ಹಿಂದಿನ ಸಂಜೆ ಶುರುವಾಯಿತು. ನಮ್ಮ ಮೆಟ್ಟಿಲ ಕಡೆಯಿಂದ ಒಬ್ಬ ಹುಡುಗ ಬಿಕ್ಕುವುದು, ಮೂಗು ಏರಿಸುವುದು, ಮತ್ತೆ ಬಿಕ್ಕುವುದು. ತಿಪ್ಪೇಶ ನನ್ನ ಪಕ್ಕ ಕಿವಿ ಕೆಂಪಗೆ ಮಾಡಿಕೊಂಡು ದೋಣಿಯ ತಳ ನೋಡುತ್ತಿದ್ದ. ದುರುಗಪ್ಪ ಅವನ ಕಡೆ ನೋಡಲಿಲ್ಲ. ಹಾಲಿನವರಿಗೆ, “ಈ ಸಲ ಹುಲ್ಲು ಹೆಂಗೈತೆ?” ಅಂತ ಜೋರಾಗಿ ಕೇಳಿದ, ದಡ ಬರುವ ತನಕ ಹುಲ್ಲಿನ ಮಾತೇ ಆಡಿದ.

ಕೊಟ್ರವ್ವ ಆಗಲೇ ಮೆಟ್ಟಿಲ ಮೇಲೆ ತನ್ನ ಕಲ್ಲಿನ ಮೇಲೆ ಕೂತಿದ್ದಳು. ತಲೆ ಬಾಚಿ, ಗಂಟಿಗೆ ಒಂದು ಕನಕಾಂಬರ ಸಿಕ್ಕಿಸಿ, ಒಗೆದ ಸೀರೆ ಉಟ್ಟು, ಕೈಯಲ್ಲಿ ಕಾಫಿ ಲೋಟ. ಬೈಸಿಕೊಳ್ಳಲು ಇಷ್ಟು ಅಂದವಾಗಿ ಬಂದು ಕೂರುತ್ತಾಳೆ ಅಂತ ನನಗೆ ಗೊತ್ತಿರಲಿಲ್ಲ. ತಿಪ್ಪೇಶನನ್ನು ಕಂಡು ಮುಖ ಅರಳಿತು.

“ಏನಲೇ ತಿಪ್ಪಾ, ಇಷ್ಟು ಬೇಗ? ನಿನ್ನೆ ಯಾಕೆ ಬರಲಿಲ್ಲ? ನಿನ್ನ ಪಾಲಿನ ಶಾವಿಗೆ ಬೆಕ್ಕು ತಿಂತು ನೋಡು!”

ನಾನು ತಿಪ್ಪೇಶನನ್ನು ನೋಡಿದೆ. ಅವನು ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದಕುತ್ತಿದ್ದ. “ದಿನಾ ತಿಂತೀಯೇನೋ ಇಲ್ಲಿ?” ಅಂದೆ. “ದಿನಾ ಅಲ್ಲ,” ಅಂದ. “ಶಾಲೆ ಇದ್ದಾಗ ಮಾತ್ರ.”

ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ಶಾಲೆಯ ಹತ್ತು ಹನ್ನೆರಡು ಮಕ್ಕಳು ಕೊಟ್ರವ್ವನ ಪಡಸಾಲೆಯಲ್ಲಿ ಸಾಲಾಗಿ ಕೂರುತ್ತಿದ್ದರಂತೆ. ಶಾವಿಗೆ, ಬೆಲ್ಲ, ಹಾಲು. ನಮ್ಮ ಮಣೆಯ ಮೇಲೆ ಹೊಸೆದದ್ದು. ಬೆಳಿಗ್ಗೆ ಬೈದು, ಮಧ್ಯಾಹ್ನ ಉಂಡು, ನನ್ನ ತಮ್ಮ ಎರಡೂ ದಡದಲ್ಲಿ ಚೆನ್ನಾಗಿಯೇ ಬದುಕಿದ್ದ. ಈಗ ಆ ಮಾತು ಬಂದು ಬೀಳಬೇಕಾದ ಮುಖ ಅವನ ಎದುರಿಗೇ ಇತ್ತು, ಕಾಫಿ ಕುಡಿಯುತ್ತಾ.

ಎಂಟಕ್ಕೆ ಇನ್ನು ಸ್ವಲ್ಪವೇ ಹೊತ್ತು. ನಾನು ಸೆರಗಿನಿಂದ ತಟ್ಟೆ ತೆಗೆದೆ. ಕೊಟ್ರವ್ವ ಲೋಟ ಕೆಳಗಿಟ್ಟಳು.

“ಯಾರ ಮನೆ ಮಾತವ್ವಾ?”

“ನಮ್ಮನೇದು.”

“ಈರಿಗೆ ಗೊತ್ತಿದ್ದು ಬಂದೀಯ?”

“ಅಜ್ಜೀನೇ ತಟ್ಟೆ ಕೊಟ್ಳು.”

“ಮುಚ್ಚಿಸಿದ್ರೆ ಸರದಿ ಹೋಯ್ತು ಅಂತ ಅವಳಿಗೆ ನೆನಪೈತಾ?”

ನಾನು ತಲೆ ಆಡಿಸಿದೆ. ಕೊಟ್ರವ್ವ ನೀರಿನ ಕಡೆ ನೋಡಿದಳು. ಮಂಡಿಯ ಮೇಲೆ ಕೈಯೂರಿ ಎದ್ದು ಮನೆಯೊಳಗೆ ಹೋದಳು.

ಈಗ ನಾನು ಕೂಗಬೇಕು. ಮೆಟ್ಟಿಲ ಮೇಲೆ ಇಪ್ಪತ್ತು ಜನ ಇದ್ದರು. ಹಾಲಿನವರು, ನೀರಿನ ಕೊಡದ ಹೆಂಗಸರು, ಹಲ್ಲುಜ್ಜುತ್ತಿದ್ದ ಸಿದ್ರಾಮ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದೆ. ಎಂಟನೆಯ ತರಗತಿಯ ಪ್ರಾರ್ಥನೆಯ ಸಾಲು ಕಣ್ಣಿಗೆ ಕಟ್ಟಿತು. ತಿಪ್ಪೇಶ ನನ್ನ ಸೆರಗು ಜಗ್ಗಿದ.

“ಅಕ್ಕಾ, ನಿನ್ನಂಗೆ ನಾನು ಕೂಗ್ಲಾ ಅಂದ್ರೆ, ನಿಂದು ನಂಗೆ ಬರಲ್ಲ. ಬೇಗ ಕೂಗೇ. ಅಕ್ಕಾ.”

ಕೂಗಿದೆ. ಮೊದಲನೆಯದು ನನ್ನ ಕಾಲಬುಡಕ್ಕೇ ಬಿತ್ತು. ಎರಡನೆಯದು ಸಿದ್ರಾಮನ ತನಕ ಹೋಯಿತು. ಮೂರನೆಯದು ಎಲ್ಲಿಂದ ಬಂತೋ ನನಗೆ ತಿಳಿಯದು: “ನಮ್ಮನೆ ಮಾತು ಬರ್ತೈತೆ, ಮುಚ್ಚಿಕೊಡ್ರೀ!” ಮೆಟ್ಟಿಲ ಪಕ್ಕದ ಮರದಿಂದ ಎರಡು ಕೊಕ್ಕರೆ ಎದ್ದು ಹಾರಿದವು.

ಎಲ್ಲರೂ ಎದ್ದರು. ಹಾಲಿನ ಕ್ಯಾನು, ತಂಬಿಗೆ, ಕೊಡ, ಸಿದ್ರಾಮನಿಗೆ ಶಾಲೆಯ ಗಂಟೆ. ಕೊಟ್ರವ್ವ ಬಾಗಿಲಿನಿಂದ ಹೊರಗೆ ಬಂದಳು. ಕಂಕುಳಲ್ಲಿ ಹಳೆಯ ಹಲಸಿನ ಹಲಗೆ, ಕೈಯಲ್ಲಿ ಕಬ್ಬಿಣದ ಸೌಟು. ನಮ್ಮ ಮನೆಯ ಶಾವಿಗೆ ಮಣೆಯನ್ನು ನಾನು ಅವತ್ತೇ ಮೊದಲು ನೋಡಿದ್ದು. ಮೆಟ್ಟಿಲ ಮೇಲೆ ಅದನ್ನು ಊರಿ ಹಿಡಿದು, ಬಡಿಯತೊಡಗಿದಳು ನೋಡಿ! ಎಲ್ಲರ ಹಿತ್ತಾಳೆ ಕಂಚನ್ನೂ ಮೀರಿಸಿತು ಅವಳ ಕಟ್ಟಿಗೆ. ಆ ಗದ್ದಲದೊಳಗೆ ಎಂಟು ಗಂಟೆ ಬಂತು, ಹೋಯಿತು. ಆ ಮಾತು ಎಲ್ಲಿ ಬಿತ್ತೋ ಯಾರಿಗೂ ಗೊತ್ತಾಗಲಿಲ್ಲ.

ಒಂದು ಎಲೆಅಡಿಕೆ ಅಗಿಯುವಷ್ಟು ಹೊತ್ತು ಬಡಿದು, ಎಲ್ಲರೂ ಕೈ ನಿಲ್ಲಿಸಿದರು. ಕಿವಿಯಲ್ಲಿ ಇನ್ನೂ ಗುಂಯ್ ಅನ್ನುತ್ತಿತ್ತು. ತಿಪ್ಪೇಶ ದೊಡ್ಡ ಉಸಿರು ಬಿಟ್ಟ.

ಆಗ, ಆ ಮೌನದಲ್ಲಿ, ಹೊಳೆಯ ಮೇಲಿನಿಂದ ಒಂದು ಹುಡುಗನ ದನಿ ಅಳುತ್ತಾ ಬಂತು: “ನಿಲ್ಲು! ಹೋಗಬ್ಯಾಡ! ನಾನು ಸುಮ್ನೆ ಅಂದೆ, ನಿಲ್ಲಲೇ!”

ನಾವಿಬ್ಬರೂ ಅದನ್ನು ಮರೆತೇಬಿಟ್ಟಿದ್ದ ನಮ್ಮ ದಡ್ಡತನಕ್ಕೆ ಏನನ್ನಬೇಕು. ಮಾತನ್ನು ಮುಚ್ಚಿದೆವು, ಅದರ ಹಿಂದೆ ಓಡಿದವನನ್ನು ಮುಚ್ಚಲಿಲ್ಲ. ಅದು ದನಿ ಒಡೆಯುವ ತನಕ ಕೂಗಿತು. ಇಪ್ಪತ್ತು ಜನ ಒಂದೊಂದು ಅಕ್ಷರವನ್ನೂ ಕೇಳಿದರು, ಆಮೇಲೆ ಎಲ್ಲರೂ ತಿಪ್ಪೇಶನ ಕಡೆ ತಿರುಗಿದರು.

ಸಿದ್ರಾಮ ಬಾಯಿ ತೊಳೆದುಕೊಂಡು ಗಂಟಲು ಸರಿಮಾಡಿಕೊಂಡ. “ಹೆಂಗಾದ್ರೂ ಆಗ್ಲಿ, ಈರವ್ವನ ಸರದಿ ಹೋಯ್ತು. ಕೊಟ್ರವ್ವಾ, ಮಣೆ ಇನ್ನು ನಿಂದೇ ಬಿಡು. ಇಪ್ಪತ್ತಮೂರು ವರ್ಷಕ್ಕೆ ಗೆದ್ದೆ.”

“ಯಾರು ಹೇಳಿದ್ದು ಹೋಯ್ತು ಅಂತ?” ಕೊಟ್ರವ್ವ ಸೌಟು ಎತ್ತಿದಳು. “ಎಂಟರ ಹೊತ್ತಿಗೆ ಆ ಮನೆಯಿಂದ ಮಾತು ಬಂತಲ್ಲ. ನಿನ್ನ ಕಿವೀಗೂ ಬಿತ್ತಲ್ಲ.”

“ಅದು ಹುಡುಗಂದಲ್ಲವಾ? ಅದರಾಗೆ ಮಣೆ ಸುದ್ದೀನೇ ಇಲ್ಲ.”

“ನಾಲ್ಕು ಸರದಿಯಿಂದ ಹುಡುಗಂದೇ ಬರ್ತೈತೆ. ನಾನು ಉತ್ತರ ಕೊಟ್ಟಿಲ್ಲವಾ? ಈರಿ ಬೈಯೋಕೆ ಮುಂಚೆ ಎರಡು ಸಲ ಕೆಮ್ಮತಾಳೆ, ಚಿಕ್ಕೋಳಿದ್ದಾಗಿಂದ. ಎಂಟು ದಿನದಿಂದ ಕೆಮ್ಮೇ ಇಲ್ಲ. ಅವಳಿಗೆ ಏನಾಗೈತೋ ಅಂತ ನನಗೆ ಅನ್ನ ಇಳೀತಿರಲಿಲ್ಲ.” ಅವಳು ತಿಪ್ಪೇಶನ ಕಡೆ ತಿರುಗಿದಳು. “ನೀನಾದ್ರೂ ಮಧ್ಯಾಹ್ನ ಬಂದಾಗ ಹೇಳ್ತೀಯೇನೋ ಅಂತ ನೋಡಿದೆ. ಬರಿ ತಿಂದೆ.”

“ನಿಂಗೆ ಗೊತ್ತಿತ್ತಾ ಅಜ್ಜೀ?” ತಿಪ್ಪೇಶನ ದನಿ ಅವನದೇ ಆಗಿತ್ತು, ಬಹಳ ಸಣ್ಣದಾಗಿತ್ತು.

“ಗೊತ್ತಿದ್ದಕ್ಕೇ ನಿನಗೆ ಒಂದು ಸೌಟು ಜಾಸ್ತಿ ಹಾಕ್ತಿದ್ದೆ. ದೊಡ್ಡೋರ ಬೈಗಳು ಸಣ್ಣ ಹೊಟ್ಟೆಯಿಂದ ಬರಬೇಕಂದ್ರೆ ಸುಮ್ನೆ ಆಗತೈತಾ?”

ಮೆಟ್ಟಿಲ ಮೇಲಿದ್ದವರು ನಕ್ಕರು. ತಿಪ್ಪೇಶನಿಗೆ ನಗು ಬೇಕಾಗಿರಲಿಲ್ಲ. ಅವಳ ಹತ್ತಿರ ಹೋಗಿ, “ಅಜ್ಜೀ, ನಾನು ನಿನ್ನೆ ಏನಂದೆ ಅಂದ್ರೆ,” ಅಂತ ಶುರುಮಾಡಿದ. ಕೊಟ್ರವ್ವ ಅವನ ಬಾಯಿಯ ಮೇಲೆ ಕೈ ಇಟ್ಟಳು. ಇಡೀ ಮುಖ ಮುಚ್ಚಿಹೋಗುವಷ್ಟು ಅಗಲದ ಕೈ.

“ಮುಚ್ಚಿದ್ದು ಮುಚ್ಚಿದ್ದೇ,” ಅಂದಳು.

ಕೈ ತೆಗೆಯುವ ಮೊದಲು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಆ ಮಾತು ಏನಿರಬಹುದು ಅಂತ ಅವಳು ಊಹಿಸಿದಳೋ ಇಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ. ಆಮೇಲೆ ಮಣೆಯನ್ನು ಮತ್ತೆ ಕಂಕುಳಿಗೆ ಏರಿಸಿ, ಮೆಟ್ಟಿಲ ತುದಿಗೆ ನಡೆದು, ಈಚೆ ದಡದ ಕಡೆ ಮುಖ ಮಾಡಿ ತನ್ನ ಸರದಿ ಕೂಗಿದಳು.

ಗುರುವಾರ ಬೆಳಿಗ್ಗೆ ಅಪ್ಪ ಅವ್ವ ಮದುವೆ ಮನೆಯಿಂದ ಬಂದರು. ಅವರಿಗೆ ಇನ್ನೂ ಏನೂ ಹೇಳಿರಲಿಲ್ಲ. ತಿಪ್ಪೇಶ ಯಾರೂ ಹೇಳದೆಯೇ ನನ್ನ ಪಕ್ಕ ಕೂತು ಕಡ್ಡಿ ಸೀಳಿಕೊಡುತ್ತಿದ್ದ. ಅಜ್ಜಿಯ ಜ್ವರ ಬಿಟ್ಟಿತ್ತು. ಕಂಬಕ್ಕೆ ಒರಗಿ ಹೊಳೆಯ ಕಡೆಗೆ ಕಿವಿ ಕೊಟ್ಟು ಕೂತಿದ್ದಳು. ಏನಾಯಿತು ಅಂತ ಅವಳಿಗೆ ಬುಧವಾರವೇ ಹೇಳಿದ್ದೆ. ಸರದಿ ಉಳಿಯಿತು ಅಂದದ್ದನ್ನು ಅವಳು ನಂಬಿರಲಿಲ್ಲ. ತನ್ನ ಕಿವಿಯಲ್ಲೇ ಕೇಳಬೇಕು ಅಂತ ಸನ್ನೆ ಮಾಡಿದ್ದಳು.

ಎಂಟಕ್ಕೆ ಸ್ವಲ್ಪ ಮೊದಲು ಹೊಳೆಯ ಆಚೆಯಿಂದ ಒಂದು ಹೆಣ್ಣುದನಿ ಬಂತು. ಮೊದಲ ಎರಡು ಸರಿಯಾಗಿ ಕೇಳಲಿಲ್ಲ. ಮೂರನೆಯದು ನಮ್ಮ ಜಗಲಿಯ ಎಲೆಗಳನ್ನೇ ಅಲ್ಲಾಡಿಸಿದ ಹಾಗಿತ್ತು. ಒಗೆಯುವವರು ತಲೆ ಎತ್ತಿದರು. ಅವ್ವ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಓಡಿಬಂದಳು.

“ಯಾರೇ ಅದು? ಯಾವ ಮನೆ ಹೆಣ್ಣಿದು, ಹಿಂಗೆ ಬಾಯಿ ಮಾಡೋದು?”

ನಾನು ಎಲೆಯ ಮೇಲೆ ಬಗ್ಗಿದೆ. ಅಜ್ಜಿಯ ಗಂಟಲಿನಿಂದ, ಹನ್ನೊಂದು ದಿನದ ಮೇಲೆ, ತುಕ್ಕು ಹಿಡಿದ ಕೀಲಿನ ಹಾಗೆ ಸದ್ದು ಹೊರಟಿತು: “ನಮ್ಮ ಹಾಲೀದು.”

ಅವ್ವ ನನ್ನನ್ನು ನೋಡಿದಳು, ಹೊಳೆಯನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಅಷ್ಟರಲ್ಲಿ ಬಡಿತ ಶುರುವಾಯಿತು. ಆ ಕಂಚು ಹಿತ್ತಾಳೆಯ ನಡುವೆ ಕಟ್ಟಿಗೆಯ ಸದ್ದನ್ನು ಅಜ್ಜಿ ಗುರುತು ಹಿಡಿದಳು. ಅವಳ ಬೆರಳು ತೊಡೆಯ ಮೇಲೆ ಅದರ ಜೊತೆಗೇ ಆಡಿತು. ತಿಪ್ಪೇಶ ನನ್ನ ಕಿವಿಯ ಹತ್ತಿರ ಬಗ್ಗಿ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, “ಮುಚ್ಚಿಕೊಡ್ರೀ,” ಅಂದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ನನ್ನ ದನಿ. ಕೈಯಲ್ಲಿದ್ದ ಎಲೆಯಿಂದ ಅವನ ತಲೆಗೆ ಒಂದು ಕೊಟ್ಟೆ. ಜೋರಾಗಿ ಕೊಡಲಿಲ್ಲ.

ಬಡಿತ ನಿಂತಿತು. ಎಲ್ಲರೂ ಕಾದೆವು. ಕೊಟ್ರವ್ವನ ದನಿ ಹೊಳೆ ತುಂಬಾ ಬಂತು:

“ಈರೀ! ನಿನ್ನ ಮೊಮ್ಮಗ ಒಳ್ಳೆ ಬೈತಾನೆ ಕಣೇ, ಆದ್ರೆ ನಿನ್ನಷ್ಟು ಕೆಟ್ಟದಾಗಿ ಬೈಯಾಕೆ ಅವನಿಗೆ ಇನ್ನೂ ಅರವತ್ತು ವರ್ಷ ಬೇಕು! ಗಂಟಲು ನೆಟ್ಟಗೆ ಮಾಡ್ಕೊಂಡು ನೀನೇ ಬಾ! ಮಣೆ ಮಾತ್ರ ನಂದು!”

ಅಜ್ಜಿ ಕತ್ತಿನ ಬಟ್ಟೆ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಅವ್ವ ಹಿಡಿಯಲು ಬಂದರೆ ಬೇಡ ಅಂದಳು. ತಾನೇ ಕಂಬ ಹಿಡಿದು ಎದ್ದು, ಒಂದೊಂದೇ ಮೆಟ್ಟಿಲು ಇಳಿದು ನೀರಿನ ತುದಿಗೆ ಹೋಗಿ ನಿಂತಳು. ಸೊಂಟದ ಮೇಲೆ ಕೈ ಇಟ್ಟಳು. ಬೈಯುವ ಮೊದಲು ಎರಡು ಸಲ ಕೆಮ್ಮಿದಳು.

ಆ ಕೆಮ್ಮು ಶುಕ್ರವಾರ ಎಂಟಕ್ಕೆ ಆಚೆ ದಡಕ್ಕೆ ತಲುಪುವುದಿತ್ತು. ತಲುಪುವಾಗ ಕೊಟ್ರವ್ವನ ಮುಖ ನೋಡಬೇಕು ಅನ್ನಿಸಿತು. ಶುಕ್ರವಾರ ಏಳರ ದೋಣಿಯಲ್ಲಿ, ಯಾರೂ ಕಳಿಸದೆ, ನಾನೇ ಹೋಗಿ ಕೂತೆ.